ಹಿಟ್ಟಿನ ಪಾಠ: ಬಳ್ಳಾರಿ ಸೀಮೆಯ ಅಡುಗೆಮನೆಯಲ್ಲಿ ಮಕ್ಕಳು

ಕುರುಗೋಡಿನ ಕಡೆಯ ಒಂದು ಹಳ್ಳಿಯಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ನಡೆಯುತ್ತಿತ್ತು. ಯೇಸುಸ್ವಾಮಿ ಐದು ಸಾವಿರ ಜನರ ಹಸಿವು ತಣಿಸಿದ ಪ್ರಸಂಗವನ್ನು ಸಿಸ್ಟರ್ ವಿವರಿಸುತ್ತಿದ್ದರು. ಐದು ರೊಟ್ಟಿ, ಎರಡು ಮೀನು ಎಂದು ಹೇಳಿದೊಡನೆ ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತ. "ಸಿಸ್ಟರ್, ಆ ಹುಡುಗ ತಂದಿದ್ದು ಜೋಳದ ರೊಟ್ಟಿ ಏನ್ರಿ? ಅವಂಗ ಯಾರು ಬಡಿದು ಕೊಟ್ಟಿದ್ರು?" ಮಕ್ಕಳೆಲ್ಲ ನಕ್ಕರು. ಸಿಸ್ಟರೂ ನಕ್ಕರು. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಆ ಎರಡು ಪ್ರಶ್ನೆಗಳು ಮನೆಗೆ ಬಂದ ಮೇಲೂ ಬಿಡಲಿಲ್ಲ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯ ಆ ರೊಟ್ಟಿಗಳು ಜವೆಗೋದಿಯವು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆ ನಾಡಿನಲ್ಲಿ ಗೋದಿ ಉಳ್ಳವರ ಧಾನ್ಯ, ಜವೆಗೋದಿ ಬಡವರ ಧಾನ್ಯ. ಆದುದರಿಂದ ನಮ್ಮ ಹುಡುಗ ಜೋಳವನ್ನು ನೆನೆದದ್ದು ಅಂಥ ದೊಡ್ಡ ತಪ್ಪೇನಲ್ಲ. ಎರಡನೆಯ ಪ್ರಶ್ನೆಗೆ ನಾಲ್ವರು ಶುಭಸಂದೇಶಕರ್ತರಲ್ಲಿ ಒಬ್ಬರೂ ಉತ್ತರ ಕೊಡುವುದಿಲ್ಲ. ಆ ಬುತ್ತಿಯನ್ನು ಯಾರೋ ಹಿಟ್ಟು ನಾದಿ, ಒಲೆ ಹೊತ್ತಿಸಿ, ಸುಟ್ಟು ಕಟ್ಟಿಕೊಟ್ಟಿರಬೇಕು. ಆ ಹುಡುಗನೂ ಪಕ್ಕದಲ್ಲಿ ಕುಳಿತು ಸೌದೆಯನ್ನೋ ನೀರನ್ನೋ ಎತ್ತಿಕೊಟ್ಟಿದ್ದನೇನೋ. ಪವಿತ್ರ ಗ್ರಂಥದಲ್ಲಿ ಇಡೀ ಕುಟುಂಬ ಸೇರಿ ಸುಡುವ ಕೆಲಸ ಮಾಡುವ ಸ್ಪಷ್ಟ ಚಿತ್ರವೊಂದು ಯೆರೆಮೀಯನ ಏಳನೆಯ ಅಧ್ಯಾಯದಲ್ಲಿದೆ. ಮಕ್ಕಳು ಕಟ್ಟಿಗೆ ಆಯುತ್ತಾರೆ, ತಂದೆಯರು ಬೆಂಕಿ ಹೊತ್ತಿಸುತ್ತಾರೆ, ತಾಯಂದಿರು ಹಿಟ್ಟು ನಾದುತ್ತಾರೆ. ಎಷ್ಟು ಸೊಗಸಾದ ಮನೆ ಎಂದು ಓದುತ್ತಿರುವಾಗಲೇ ಪ್ರವಾದಿ ಗದರುತ್ತಾನೆ, ಏಕೆಂದರೆ ಅದು ಅನ್ಯದೇವತೆಗೆ ಅರ್ಪಿಸುವ ಹೋಳಿಗೆಗಾಗಿ ನಡೆದ ಸಿದ್ಧತೆ. ಪ್ರವಾದಿಯ ಸಿಟ್ಟನ್ನು ಒಪ್ಪಿಕೊಂಡೇ, ಮನೆಯವರು ಕೆಲಸ ಹಂಚಿಕೊಂಡ ರೀತಿಯನ್ನು ನಾನು ಮೆಚ್ಚುತ್ತೇನೆ.

'ರೊಟ್ಟಿ' ಎಂಬ ಪದ ಕನ್ನಡ ಬೈಬಲ್ಲಿನಲ್ಲಿ ನೆಲೆ ನಿಂತದ್ದಕ್ಕೂ ಬಳ್ಳಾರಿಗೂ ಸಂಬಂಧವುಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯೇ ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಕೈಗೊಂಡರು. 1831ರ ಹೊತ್ತಿಗೆ ಅದು ಪೂರ್ಣಗೊಂಡಿತು. ಅವರು ನಮ್ಮ ಸಭೆಯವರಲ್ಲ, ಆದರೆ ಕನ್ನಡದ ಋಣ ಸಭೆಗಳ ಗಡಿ ನೋಡುವುದಿಲ್ಲ. ಅವರ ಸುತ್ತಲಿನ ಮನೆಗಳಲ್ಲಿ ರೊಟ್ಟಿ ಎಂದರೆ ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿ. ಗಲಿಲೇಯದ ಜವೆಗೋದಿಯ ರೊಟ್ಟಿಗೂ ಬಳ್ಳಾರಿಯ ಜೋಳದ ರೊಟ್ಟಿಗೂ ಒಂದೇ ಹೆಸರು ಬಿದ್ದಾಗ ನಮ್ಮ ಮಕ್ಕಳ ಮನಸ್ಸಿನಲ್ಲಿ ಮೂಡುವ ಚಿತ್ರವೂ ನಿರ್ಧಾರವಾಗಿಬಿಟ್ಟಿತು. ಕುರುಗೋಡಿನ ಹುಡುಗ ಕೇಳಿದ್ದು ಆ ಚಿತ್ರದೊಳಗಿನಿಂದಲೇ.

ಹಾಗಾದರೆ ಒಲೆಯೊಳಗೆ ಉಬ್ಬಿ ಬೇಯುವ ಬ್ರೆಡ್ಡು, ಕೇಕು ಈ ಸೀಮೆಗೆ ಬಂದದ್ದು ಯಾವಾಗ? ಅವು ಮನೆಯೊಳಗೆ, ಮಕ್ಕಳ ಕೈಗೆ ಸಿಕ್ಕಿದ್ದು ಯಾವಾಗ?

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯನ್ನು ಕಣ್ತುಂಬ ನೋಡಿ ಬರೆದಿಟ್ಟಿದ್ದಾನೆ. ಅಕ್ಕಿ, ಜೋಳ, ಹೆಸರು, ಹುರುಳಿ ಹೇರಳವಾಗಿ ಅಗ್ಗದಲ್ಲಿ ಸಿಗುತ್ತಿದ್ದವಂತೆ. ಗೋದಿ ಮಾತ್ರ ಅಷ್ಟಾಗಿ ಇರಲಿಲ್ಲ, ಏಕೆಂದರೆ ಮುಸಲ್ಮಾನರ ಹೊರತು ಅದನ್ನು ತಿನ್ನುವವರಿರಲಿಲ್ಲ ಎಂಬುದು ಅವನ ವಿವರಣೆ. ಬ್ರೆಡ್ಡು ತಿಂದು ಬೆಳೆದವನ ಕಣ್ಣು ಗೋದಿಯನ್ನೇ ಹುಡುಕಿರಬೇಕು, ಪಾಪ. ಪಾಯೆಸನ ಬರಹವನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಜಗತ್ತಿಗೆ ಪರಿಚಯಿಸಿದ ರಾಬರ್ಟ್ ಸೀವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವರು. ಜೋಳದ ನಾಡನ್ನು ಕಂಡು ಬಲ್ಲವರು.

ಜೋಳದ ಹಿಟ್ಟು ಉಬ್ಬುವ ಹಿಟ್ಟಲ್ಲ. ಗೋದಿ ಹಿಟ್ಟನ್ನು ನೀರು ಹಾಕಿ ನಾದಿದರೆ ಗ್ಲೂಟೆನ್ ಎಂಬ ಜಿಗಿಯಾದ ಬಲೆ ಒಳಗೇ ಹೆಣೆದುಕೊಳ್ಳುತ್ತದೆ. ಹುಳಿ ಬಂದಾಗ ಹುಟ್ಟುವ ಗಾಳಿಯನ್ನು ಅದು ಹಿಡಿದಿಟ್ಟುಕೊಂಡು ಬ್ರೆಡ್ಡು ಮೇಲೇಳುತ್ತದೆ. ಜೋಳದಲ್ಲಿ ಆ ಬಲೆ ಇಲ್ಲ. ಅದಕ್ಕೇ ನಮ್ಮ ತಾಯಂದಿರು ಎಸರು ಕುದಿಸಿ, ಆ ಬಿಸಿನೀರಿನಲ್ಲಿ ಹಿಟ್ಟು ಕಲಸುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗಿ, ತಟ್ಟುವಾಗ ರೊಟ್ಟಿ ಹರಿಯದೆ ಉಳಿಯುತ್ತದೆ. ಉರುವಲಿನ ಮಾತೂ ಇದೆ. ಗುಂಡಗಿನ ಒಲೆಯಲ್ಲಿ ಬ್ರೆಡ್ಡು ಸುಡಲು ಗಂಟೆಗಟ್ಟಲೆ ಸೌದೆ ಉರಿಯಬೇಕು. ಕಪ್ಪು ನೆಲದ ಈ ಬಯಲಿನಲ್ಲಿ ಗಿಡಮರ ಕಡಿಮೆ. ಮನೆಗಳಲ್ಲಿ ಇದ್ದದ್ದು ಹತ್ತಿಕಟ್ಟಿಗೆ, ಜಾಲಿಮುಳ್ಳು, ಕುಳ್ಳು. ಬೇಗ ಹತ್ತಿ ಬೇಗ ಆರುವ ಅಂಥ ಉರಿಗೆ ಹಂಚಿನ ರೊಟ್ಟಿಯೇ ತಕ್ಕದ್ದು. ಓವನ್ ನಮ್ಮ ಮನೆಗಳಲ್ಲಿ ಇರಲಿಲ್ಲವೆಂದರೆ ಅದು ಅಜ್ಞಾನವಲ್ಲ, ನೆಲದ ಲೆಕ್ಕಾಚಾರ.

ಈ ರೊಟ್ಟಿಯೇ ಇಲ್ಲಿನ ಮಕ್ಕಳಿಗೆ ಮೊದಲ ಹಿಟ್ಟಿನ ಪಾಠ. ತಾಯಿ ರೊಟ್ಟಿ ಬಡಿಯುವಾಗ ಮಗು ಪಕ್ಕದಲ್ಲಿ ಕೂಡುತ್ತದೆ. ಗೋಲಿಯಷ್ಟು ಹಿಟ್ಟು ಅದರ ಕೈಗೆ ಬರುತ್ತದೆ. ಒಣಹಿಟ್ಟು ಉದುರಿಸುವುದು, ಅಂಗೈಯಿಂದ ಒತ್ತುವುದು, ಅಂಚು ಒಡೆದರೆ ಬೆರಳಿನಿಂದ ಕೂಡಿಸುವುದು, ಒಂದೇ ತಾಳದಲ್ಲಿ ತಟ್ಟುತ್ತಾ ತಿರುಗಿಸುವುದು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಅರಿವೆ ಸವರಬೇಕು, ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ತುಸು ಮುಂಚೆಯಾದರೆ ಹಸಿ, ತಡವಾದರೆ ಬಿರುಕು. ಗಡಿಯಾರವಿಲ್ಲದೆ ಕಾಲವನ್ನು ಅಳೆಯುವ ವಿದ್ಯೆ ಇದು. "ಅವ್ವಾ, ನಂದು ದುಂಡಗಾಗ್ಲಿಲ್ಲ" ಎಂದು ಮಗು ಮುಖ ಸಣ್ಣದು ಮಾಡಿದರೆ, "ಆಗ್ತೈತಿ ಬಿಡು, ರುಚಿ ದುಂಡಗೈತಿ ತಿನ್ನು" ಎನ್ನುವ ಅವ್ವಂದಿರನ್ನು ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ನೀವೆಲ್ಲ ಕಂಡಿದ್ದೀರಿ.

ಆದರೆ ಇಲ್ಲೊಂದು ಸತ್ಯ ಒಪ್ಪಿಕೊಳ್ಳಬೇಕು. ಆ ಪಾಠ ಗಂಡುಮಕ್ಕಳಿಗೆ ಐದಾರು ವರ್ಷಕ್ಕೆ ಮುಗಿದುಬಿಡುತ್ತಿತ್ತು. ಅವನು ಎದ್ದು ಬಯಲಿಗೆ ಓಡುತ್ತಿದ್ದ. ಹೆಣ್ಣುಮಕ್ಕಳಿಗೆ ಅದು ಪಾಠವಾಗಿ ಶುರುವಾಗಿ ಕೂಲಿಯಿಲ್ಲದ ಕೆಲಸವಾಗಿ ಮುಂದುವರಿಯುತ್ತಿತ್ತು. ಒಂಬತ್ತು ವರ್ಷದ ಹುಡುಗಿ ಶಾಲೆಗೆ ಹೋಗುವ ಮುನ್ನ ಹೊಲಕ್ಕೆ ಹೋಗುವವರ ಬುತ್ತಿಗೆಂದು ಇಪ್ಪತ್ತು ರೊಟ್ಟಿ ಬಡಿದರೆ ಅದನ್ನು ಕಲಿಕೆ ಎಂದು ಹೊಗಳಲು ನನಗೆ ನಾಲಿಗೆ ಬಾರದು. ಆಕೆಯ ಶಾಲೆ ಎಷ್ಟೋ ಸಲ ಆ ಒಲೆಯ ಮುಂದೆಯೇ ಮುಗಿದುಹೋಗಿದೆ.

ಇನ್ನು ಉಬ್ಬುವ ಹಿಟ್ಟಿನ ಕಥೆ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಮುಖ್ಯ ಕಲೆಕ್ಟರ್ ಆಗಿ 1807ರವರೆಗೆ ಆಡಳಿತ ನಡೆಸಿದರು. ಬಳ್ಳಾರಿಯಲ್ಲಿ ದಂಡು ಬೀಡುಬಿಟ್ಟಿತು, ದಂಡಿನ ಪಕ್ಕದಲ್ಲಿ ಕೌಲ್ ಬಜಾರ್ ಬೆಳೆಯಿತು. ದಂಡು ಬಂದಲ್ಲಿ ಬ್ರೆಡ್ಡು ಬರಲೇಬೇಕು. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಯ ಪಡಿಯಲ್ಲಿ ದಿನಕ್ಕೆ ಒಂದು ಪೌಂಡ್ ಬ್ರೆಡ್ಡು ಸೇರಿತ್ತು. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಆ ಸಿಪಾಯಿಗಳಲ್ಲಿ ಐರ್ಲೆಂಡಿನ ಕಥೋಲಿಕರೂ ಇದ್ದರು. ಹೀಗೆ ಗೋದಿಯ ಬ್ರೆಡ್ಡು ಬಳ್ಳಾರಿಗೆ ಮನೆಯ ತಿಂಡಿಯಾಗಿ ಬರಲಿಲ್ಲ, ದಂಡಿನ ಪಡಿಯಾಗಿ ಬಂತು. ಅದನ್ನು ಸುಡುವ ಭಟ್ಟಿ ಮನೆಯ ಹೊರಗಿತ್ತು, ಅಲ್ಲಿ ದುಡಿಯುವವರು ಗಂಡಸರು. ಮನೆಯ ಒಲೆ ಹೆಣ್ಣಿನದು, ಪೇಟೆಯ ಭಟ್ಟಿ ಗಂಡಿನದು ಎಂಬ ವಿಚಿತ್ರ ಪಾಲುಪಟ್ಟಿ ಇಂದಿಗೂ ಪೂರ್ತಿ ಅಳಿದಿಲ್ಲ.

ದೊರೆಗಳ ಬಂಗಲೆಗಳಲ್ಲಿಯೂ ಮಕ್ಕಳು ಅಡುಗೆಮನೆ ಹೊಕ್ಕಂತೆ ಕಾಣುವುದಿಲ್ಲ. ಅಲ್ಲಿ ಬಟ್ಲರನ ರಾಜ್ಯ. ಮದ್ರಾಸಿನಲ್ಲಿದ್ದ ಸೇನಾಧಿಕಾರಿ ಕೆನ್ನಿ-ಹರ್ಬರ್ಟ್ 'ವೈವರ್ನ್' ಎಂಬ ಹೆಸರಿನಲ್ಲಿ 1878ರಲ್ಲಿ ಅಡುಗೆಯ ಪುಸ್ತಕವೊಂದನ್ನು ಪ್ರಕಟಿಸಿದರು. ಬೇಕಿಂಗ್ ಪೌಡರ್ ಬಳಸಿ ಬ್ರೆಡ್ಡನ್ನು ಮನೆಯಲ್ಲಿಯೇ ಸುಡಿರಿ ಎಂದು ಅದರಲ್ಲಿ ಉತ್ಸಾಹದಿಂದ ಸಲಹೆ ಮಾಡಿದರು. ಪುಸ್ತಕವೇನೋ ಚೆನ್ನಾಗಿದೆ. ಆದರೆ ಆ ವರ್ಷವನ್ನು ಬಳ್ಳಾರಿಯವರು ಬೇರೆ ಕಾರಣಕ್ಕೆ ನೆನಪಿಡಬೇಕಾಗಿದೆ.

1876ರಿಂದ 1878ರವರೆಗಿನ ಮಹಾಕ್ಷಾಮ ಈ ಜಿಲ್ಲೆಯನ್ನು ನುಂಗಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಸಿಯಿತು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅರ್ಧ ಆಣೆ ಸಾಕು ಎಂದು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದರು. ವಿರೋಧ ಬಂದ ಮೇಲೆ ಅದೇ ವರ್ಷ ಅದನ್ನು ಹೆಚ್ಚಿಸಬೇಕಾಯಿತು. ಒಂದು ಪೌಂಡ್ ಜೋಳ ಬೀಸಿದರೆ ಆರೇಳು ರೊಟ್ಟಿ. ದಿನವಿಡೀ ಕಲ್ಲು ಒಡೆದವನಿಗೆ ಅಷ್ಟೇ. ದಂಡಿನ ಸಿಪಾಯಿಗೆ ಮಾಂಸದ ಜೊತೆ ಒಂದು ಪೌಂಡ್, ಕ್ಷಾಮದ ಕೂಲಿಗೆ ಬರಿಯ ಒಂದು ಪೌಂಡ್. ಒಂದೇ ಒಲೆಯಲ್ಲಿ ಹತ್ತು ಹೆಂಗಸರು ರೊಟ್ಟಿ ಸುಡುವಂತಾಗುವ ದಿನವನ್ನು ಶಾಪವೆಂದು ಯಾಜಕಕಾಂಡದ 26ನೆಯ ಅಧ್ಯಾಯ ಹೇಳುತ್ತದೆ. ಬಳ್ಳಾರಿಗೆ ಆ ಶಾಪದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಜ್ಜ ಅಜ್ಜಿಯರು ಮಕ್ಕಳ ಕೈಗೆ ಹಿಟ್ಟು ಕೊಡಲು ಹಿಂಜರಿಯುತ್ತಿದ್ದರಲ್ಲ, ಅದಕ್ಕೆ ಈ ನೆನಪೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. "ಹಿಟ್ಟಿನಾಗ ಆಟ ಆಡಬ್ಯಾಡ್ರಿ" ಎಂಬ ಗದರಿಕೆ ಜಿಪುಣತನದ್ದಲ್ಲ. ಹಸಿದವರ ಮಕ್ಕಳು, ಮೊಮ್ಮಕ್ಕಳು ಆಡಿದ ಮಾತು. ಇಂದು ಮಕ್ಕಳನ್ನು ಕೂರಿಸಿಕೊಂಡು ಕೇಕು ಮಾಡಲು ಹೊರಡುವ ತಂದೆತಾಯಿಯರು, ಮೈದಾ ನೆಲಕ್ಕೆ ಚೆಲ್ಲಿದಾಗ ಮನೆಯ ಹಿರಿಯರು ಸಿಡುಕಿದರೆ ಬೇಸರಪಡಬಾರದು. ಆ ಸಿಡುಕಿನ ಕಥೆಯನ್ನು ಮಕ್ಕಳಿಗೆ ಹೇಳಬೇಕು. ಅದೂ ಪಾಠವೇ.

ಆ ಕಾಲದಲ್ಲಿಯೇ ದಕ್ಷಿಣ ಭಾರತದ ಕೆಲವು ಕುಟುಂಬಗಳು ಈ ವಿದೇಶಿ ವಿದ್ಯೆಯನ್ನು ತಮ್ಮದಾಗಿಸಿಕೊಂಡವು. ತಲಶ್ಶೇರಿಯ ಮಾಂಬಳ್ಳಿ ಬಾಪು ಅವರು ಬರ್ಮಾದಲ್ಲಿ ಬಿಸ್ಕತ್ತಿನ ಕೆಲಸ ಕಲಿತು 1880ರಲ್ಲಿ ಬೇಕರಿ ತೆರೆದರು. 1883ರ ಕ್ರಿಸ್‌ಮಸ್ಸಿಗೆ ಮುನ್ನ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನಿಂದ ತಂದ ಕೇಕೊಂದನ್ನು ಅವರ ಮುಂದಿಟ್ಟು ಇಂಥದ್ದೇ ಮಾಡಿಕೊಡಿ ಎಂದರಂತೆ. ಊರಿನಲ್ಲಿ ಸಿಕ್ಕ ಸಾಮಾನಿನಿಂದಲೇ ಬಾಪು ಅದನ್ನು ಮಾಡಿಕೊಟ್ಟರೆಂದು ಆ ಮನೆತನ ಹೆಮ್ಮೆಯಿಂದ ಹೇಳುತ್ತದೆ. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತೆರೆದ ಅಂಗಡಿಯಿಂದ ಅಯ್ಯಂಗಾರ್ ಬೇಕರಿಗಳ ಪರಂಪರೆ ಹುಟ್ಟಿತು. ಸಿಹಿ ಕೊಳ್ಳಲು ಬರುತ್ತಿದ್ದ ಆಂಗ್ಲ ಗಿರಾಕಿಯೊಬ್ಬರು ಅವರಿಗೆ ಬ್ರೆಡ್ಡು ಸುಡುವುದನ್ನು ಕಲಿಸಿದರೆಂಬ ಕಥೆಯಿದೆ. ಇವರಾರೂ ಅದಕ್ಕೆಂದು ಶಾಲೆಗೆ ಹೋದವರಲ್ಲ. ಬಲ್ಲವನ ಪಕ್ಕದಲ್ಲಿ ನಿಂತು, ನೋಡಿ, ಕೈಸುಟ್ಟುಕೊಂಡು ಕಲಿತವರು. ಆಮೇಲೆ ಮನೆಯ ಕಿರಿಯರಿಗೆ ಕಲಿಸಿದವರು. ಇಂದು ಕರ್ನಾಟಕದ ಯಾವ ಪೇಟೆಗೆ ಹೋದರೂ ಒಂದು ಅಯ್ಯಂಗಾರ್ ಬೇಕರಿಯ ಫಲಕ ಕಣ್ಣಿಗೆ ಬೀಳುತ್ತದೆ.

ಕೇಕು ಕ್ರೈಸ್ತರ ಮನೆಯೊಳಗೆ ಬಂದದ್ದು ಹಬ್ಬದ ನೆಪದಲ್ಲಿ. ಇಂಗ್ಲೆಂಡಿನ ಆಂಗ್ಲಿಕನ್ ಕುಟುಂಬಗಳಲ್ಲಿ ಆಗಮನಕಾಲಕ್ಕೆ ಮುಂಚಿನ ಭಾನುವಾರ ಕ್ರಿಸ್‌ಮಸ್ ಪುಡ್ಡಿಂಗಿನ ಹಿಟ್ಟು ಕಲಸುವ ಪದ್ಧತಿಯಿತ್ತು. ಮನೆಯ ಪ್ರತಿಯೊಬ್ಬರೂ, ತೀರಾ ಚಿಕ್ಕವರೂ ಸಹ, ಸೌಟು ಹಿಡಿದು ಒಂದೊಂದು ಸುತ್ತು ತಿರುಗಿಸಬೇಕು. ಮೂಡಣದ ಜ್ಞಾನಿಗಳ ನೆನಪಿಗೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಬೇಕು. ನಮ್ಮ ಕರಾವಳಿಯ ಕಥೋಲಿಕರಲ್ಲಿ ಈ ಸ್ಥಾನವನ್ನು ಕುಸ್ವಾರ್ ಪಡೆದಿದೆ. ಡಿಸೆಂಬರಿನ ಒಂದು ಸಂಜೆ ಚಾಪೆ ಹಾಸಿ, ಮಕ್ಕಳೆಲ್ಲ ಸುತ್ತ ಕುಳಿತು, ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಹಿಟ್ಟಿನ ಉಂಡೆ ಒತ್ತಿ ಸುರುಳಿ ಮಾಡಿ ಕಿಡಿಯೊ ತಯಾರಿಸುತ್ತಾರೆ. ಆ ಸುರುಳಿ ಯಾರದು ಚಂದ ಎಂಬ ಜಗಳವೂ ಕುಸ್ವಾರಿನ ಒಂದು ಬಗೆ! ಕರಿದು ಮಾಡುವ ತಿಂಡಿಯಾದುದರಿಂದ ಇದಕ್ಕೆ ಓವನ್ ಬೇಡ. ಬಳ್ಳಾರಿಯಂಥ ಊರಿನಲ್ಲಿ ತಮಿಳು, ತೆಲುಗು, ಕೊಂಕಣಿ, ಕನ್ನಡ ಮಾತಾಡುವ ಕುಟುಂಬಗಳು ಒಂದೇ ದೇವಾಲಯದಲ್ಲಿ ಸೇರುವಾಗ ಕರ್ಜಿಕಾಯಿ, ಕಿಡಿಯೊ, ರೋಸ್ ಕುಕ್ಕೀಸ್ ಒಂದೇ ತಟ್ಟೆಗೆ ಬರುತ್ತವೆ. ರೋಸ್ ಕುಕ್ಕೀಸಿಗೆ ಬೇಕಾದ ಅಕ್ಕಿಹಿಟ್ಟಿಗೆ ಸಿರುಗುಪ್ಪ ಹತ್ತಿರವೇ ಇದೆ. ವಿಜಯನಗರ ಕಾಲದ ಕಾಲುವೆಯ ನೀರಿನಲ್ಲಿ ಬತ್ತ ಕಂಡ ಊರದು; 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲಂತೂ ಸುತ್ತಲಿನ ಸೀಮೆಯೆಲ್ಲ ಬತ್ತದ ಗದ್ದೆಯಾಯಿತು.

ಕೇಕಿಗೆ ಓವನ್ ಇಲ್ಲದವರು ಉಪಾಯ ಹುಡುಕಿದರು. ದಪ್ಪ ಪಾತ್ರೆಯ ತಳಕ್ಕೆ ಮರಳು ಹರಡಿ, ಅದರ ಮೇಲೆ ಹಿಟ್ಟು ತುಂಬಿದ ಡಬ್ಬಿಯಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿದರೆ ಅದೇ ಓವನ್. ಕೆಳಗೂ ಕೆಂಡ, ಮೇಲೂ ಕೆಂಡ. ಇನ್ನು ಕೆಲವೂರುಗಳಲ್ಲಿ ಕಲಸಿದ ಹಿಟ್ಟನ್ನು ತಟ್ಟೆಗಳಲ್ಲಿ ತುಂಬಿ, ಹೆಸರು ಬರೆದ ಚೀಟಿ ಇಟ್ಟು ಬೇಕರಿಯ ಭಟ್ಟಿಗೆ ಒಯ್ಯುತ್ತಿದ್ದರು. ತಟ್ಟೆ ಹೊರುವುದು, ಸರದಿ ಕಾಯುವುದು ಮಕ್ಕಳ ಪಾಲಿಗೆ. ಬೇಕಿಂಗ್ ಪೌಡರ್ ಎಂಬ ಪುಡಿ ಹುಟ್ಟಿದ್ದೂ ಒಂದು ಮನೆಯ ಕಥೆಯೇ. ಈಸ್ಟ್ ತಿಂದರೆ ಹೆಂಡತಿಗೆ ಆಗಿಬರುತ್ತಿರಲಿಲ್ಲವೆಂದು ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ 1843ರಲ್ಲಿ ಅದನ್ನು ಮಾಡಿದರು.

ಹಿಟ್ಟು ನಾದುವುದು ಶಿಕ್ಷಣವೇ ಎಂದು ಮೊದಲ ಬಾರಿಗೆ ಶಾಲೆಯ ಭಾಷೆಯಲ್ಲಿ ಹೇಳಿದವರಲ್ಲಿ ಮರಿಯ ಮಾಂಟೆಸ್ಸರಿ ಪ್ರಮುಖರು. ಇಟಲಿಯ ಈ ಕಥೋಲಿಕ ವೈದ್ಯೆ 1907ರ ಜನವರಿಯಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳೇ ಊಟದ ಮೇಜು ಸಿದ್ಧಪಡಿಸುತ್ತಿದ್ದರು, ಬಡಿಸುತ್ತಿದ್ದರು, ತೊಳೆಯುತ್ತಿದ್ದರು. ಕೈ ಕಲಿತದ್ದನ್ನು ತಲೆ ಮರೆಯದು ಎಂಬುದು ಅವರ ನಂಬಿಕೆಯ ತಿರುಳು. 1939ರ ನವೆಂಬರಿನಲ್ಲಿ ಅವರು ಮದ್ರಾಸಿಗೆ ಬಂದರು. ಯುದ್ಧದ ಕಾರಣ ಮರಳಲಾಗದೆ 1946ರವರೆಗೆ ಭಾರತದಲ್ಲಿಯೇ ಉಳಿದು, ಅಡ್ಯಾರಿನಲ್ಲಿಯೂ ಕೊಡೈಕೆನಾಲಿನಲ್ಲಿಯೂ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಗ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತದ ಜಿಲ್ಲೆಯೇ. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ದುಡಿಮೆಯ ಮೂಲಕವೇ ವಿದ್ಯೆ ಎಂಬ ಗಾಂಧೀಜಿಯವರ ನಯೀ ತಾಲೀಮ್ ಕೂಡ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡಿತ್ತು.

ಮಾಂಟೆಸ್ಸರಿಯವರ ಬದುಕಿನ ಒಂದು ಪ್ರಸಂಗ ನನಗೆ ಎಲ್ಲಕ್ಕಿಂತ ಪ್ರಿಯ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಬಾರ್ಸಿಲೋನದಲ್ಲಿದ್ದರು. ಅಲ್ಲಿನ ಶಾಲೆಯ ಮಕ್ಕಳಿಗಾಗಿ ಎರಡು ತುಂಡು ಹೊಲ ಬಿಡಿಸಿ, ಒಂದರಲ್ಲಿ ಗೋದಿ, ಇನ್ನೊಂದರಲ್ಲಿ ದ್ರಾಕ್ಷಿ ಬೆಳೆಸಿದರು. ಬಿತ್ತುವ, ನೋಡಿಕೊಳ್ಳುವ, ಕೊಯ್ಯುವ ಕೆಲಸದಲ್ಲಿ ಮಕ್ಕಳೇ ಕೈಹಾಕಿದರು. ಆ ಗೋದಿಯ ಹಿಟ್ಟಿನಿಂದ ಪ್ರಥಮ ಪರಮಪ್ರಸಾದಕ್ಕೆ ಬೇಕಾದ ರೊಟ್ಟಿ ಸಿದ್ಧವಾಯಿತು. ತಿಂಗಳುಗಟ್ಟಲೆ ಮಳೆಯನ್ನೂ ಹಕ್ಕಿಯನ್ನೂ ನೋಡುತ್ತಾ ಕಾದ ಮಗು ಬಲಿಪೀಠದ ಮುಂದೆ ನಿಂತಾಗ, ಕಾಣಿಕೆ ಅರ್ಪಣೆ ಎಂಬ ಮಾತಿಗೆ ಬೇರೆ ವಿವರಣೆ ಬೇಕಿತ್ತೇ?

ಆದರೂ ಪ್ರಿಯ ಓದುಗರೇ, ಬಳ್ಳಾರಿಯಲ್ಲಿ ನಿಂತು ಮಕ್ಕಳ ಕೈಕೆಲಸವನ್ನು ಕುರಿತು ಬರೆಯುವಾಗ ಲೇಖನಿ ತುಸು ತಡವರಿಸುತ್ತದೆ. ಈ ಜಿಲ್ಲೆಯ ಮಕ್ಕಳ ಕೈಗಳು ಬೇಕಾದಷ್ಟು ದುಡಿದಿವೆ. ಹತ್ತಿಯ ಹೊಲಗಳಲ್ಲಿ ದುಡಿದಿವೆ. 2000ರ ದಶಕದ ಗಣಿಗಾರಿಕೆಯ ಭರಾಟೆಯಲ್ಲಿ ಅದಿರು ಒಡೆಯುವ ಜಾಗಗಳಲ್ಲಿಯೂ ಅವು ಕಂಡುಬಂದವು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿದೆ. ಶಾಲೆಯ ಹೊತ್ತಿನ ಹೊರಗೆ ಮನೆಯವರಿಗೆ ನೆರವಾಗಲು ಅವಕಾಶ ಕೊಟ್ಟಿದೆ. ಹಾಗಾದರೆ ಕಲಿಕೆಗೂ ದುಡಿಮೆಗೂ ಗೆರೆ ಎಲ್ಲಿ? ನನಗೆ ತೋರುವುದಿಷ್ಟು: ಕಲಿಯುವ ಮಗುವಿಗೆ ತಪ್ಪು ಮಾಡುವ ಅವಕಾಶವಿರುತ್ತದೆ, ದುಡಿಯುವ ಮಗುವಿಗೆ ಇರುವುದಿಲ್ಲ. ಒಡೆದ ರೊಟ್ಟಿಯನ್ನು ನಕ್ಕು ಮತ್ತೆ ಉಂಡೆಮಾಡುವ ಮನೆ ಶಾಲೆ. ಹನ್ನೆರಡನೆಯ ರೊಟ್ಟಿ ಕರಕಾಯಿತೆಂದು ಬೆನ್ನಿಗೆ ಬಾರಿಸುವ ಮನೆ ಕಾರ್ಖಾನೆ. ಅಕ್ಕ ರೊಟ್ಟಿ ಬಡಿಯುತ್ತಿರುವಾಗ ತಮ್ಮ ಮೊಬೈಲು ನೋಡುತ್ತಾ ಕುಳಿತಿದ್ದರೆ ಆ ಮನೆಯಲ್ಲಿ ಇಬ್ಬರೂ ತಪ್ಪು ಪಾಠ ಕಲಿಯುತ್ತಿದ್ದಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಶಾಲೆ ಮುಚ್ಚಿತು, ಬೇಕರಿಯೂ ಮುಚ್ಚಿತು. ಆಗ ಎಷ್ಟೋ ಮನೆಗಳಲ್ಲಿ ಮೊದಲ ಕೇಕು ಪ್ರೆಶರ್ ಕುಕ್ಕರಿನಲ್ಲಿ ಎದ್ದಿತು. ಅಜ್ಜಿಯ ಕಾಲದ ಮರಳಿನ ಪಾತ್ರೆಯೇ ಹೊಸ ವೇಷದಲ್ಲಿ ಬಂದಂತೆ. ತಳಕ್ಕೆ ಒಂದಂಗುಲ ಕಲ್ಲುಪ್ಪು ಹರಡಿ, ಗ್ಯಾಸ್ಕೆಟ್ಟನ್ನೂ ಸೀಟಿಯನ್ನೂ ತೆಗೆದು, ನೀರು ಹಾಕದೆ ಹತ್ತು ನಿಮಿಷ ಕಾಯಿಸಿ, ಒಳಗೆ ಡಬ್ಬಿಯಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕಾದ ಕುಕ್ಕರಿನ ಹತ್ತಿರದ ಕೆಲಸ ಮಾತ್ರ ದೊಡ್ಡವರದು. ಉಳಿದದ್ದೆಲ್ಲ ಮಕ್ಕಳಿಗೆ ಬಿಡಬಹುದು.

ಯಾವ ಕೇಕು ಎಂದು ಕೇಳುವವರಿಗೆ ಹಳೆಯ ಪೌಂಡ್ ಕೇಕನ್ನೇ ಹೇಳುತ್ತೇನೆ. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ನಾಲ್ಕೂ ಒಂದೊಂದು ಪೌಂಡ್, ಅದಕ್ಕೇ ಆ ಹೆಸರು. ಮನೆಗೆ ಅಷ್ಟು ಬೇಡ. ಮೂರು ಮೊಟ್ಟೆಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಅಷ್ಟೇ ತೂಕದ ಸಕ್ಕರೆ, ಆಮೇಲೆ ಅಷ್ಟೇ ಬೆಣ್ಣೆ, ಅಷ್ಟೇ ಮೈದಾ ಅಳೆಯಲು ಮಗುವಿಗೆ ಹೇಳಿ. ಪಾಟಿಯ ಮೇಲೆ ಒಂದು ವಾರ ಕಲಿಸಿದರೂ ಹತ್ತದ ಸಮಭಾಗದ ಲೆಕ್ಕ ಹತ್ತು ನಿಮಿಷದಲ್ಲಿ ಹತ್ತುತ್ತದೆ. ಒಂದು ಚಮಚ ಬೇಕಿಂಗ್ ಪೌಡರನ್ನು ಬೇರೆ ಬಟ್ಟಲಿನಲ್ಲಿ ಬಿಸಿನೀರಿಗೆ ಹಾಕಿ ತೋರಿಸಿ. ನೊರೆಯೇಳುವುದನ್ನು ಕಂಡ ಮಗು ಕೇಕು ಏಕೆ ಉಬ್ಬಿತೆಂದು ಮತ್ತೆ ಕೇಳುವುದಿಲ್ಲ. ಒಣದ್ರಾಕ್ಷಿಯ ಜೊತೆಗೆ ಒಣ ಅಂಜೂರವನ್ನು ಸಣ್ಣಗೆ ಹೆಚ್ಚಿ ಸೇರಿಸಿ. ಅಂಜೂರದ ಒಂದು ತಳಿಗೆ 'ಬಳ್ಳಾರಿ' ಎಂದೇ ಹೆಸರು, ಅದನ್ನೂ ಮಕ್ಕಳಿಗೆ ಹೇಳಿ. ಅದೇ ವಾರ ಒಂದು ಸಂಜೆ ಜೋಳದ ರೊಟ್ಟಿಗೂ ಅವರನ್ನು ಕೂರಿಸಿ. ಪೇಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಕಡಕ್ ರೊಟ್ಟಿ ಕೊಂಡು ತರುವುದು ತಪ್ಪಲ್ಲ, ಅದನ್ನು ಮಾಡಿ ಬದುಕುವ ಹೆಣ್ಣುಮಕ್ಕಳಿದ್ದಾರೆ. ಆದರೆ ಉಬ್ಬುವ ಹಿಟ್ಟನ್ನೂ ಉಬ್ಬದ ಹಿಟ್ಟನ್ನೂ ಎರಡನ್ನೂ ಮುಟ್ಟಿ ನೋಡಿದ ಮಗುವಿಗೆ, ಇಸ್ರಯೇಲರು ಐಗುಪ್ತದಿಂದ ಹೊರಟ ರಾತ್ರಿ ಹುಳಿಯಿಲ್ಲದ ರೊಟ್ಟಿಯನ್ನೇ ಏಕೆ ಕಟ್ಟಿಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟು ಹುಳಿಯಾಗಲು ಹೊತ್ತು ಬೇಕು. ಅವರಿಗೆ ಹೊತ್ತಿರಲಿಲ್ಲ.

ಕುರುಗೋಡಿನ ಕಡೆಯ ಆ ತರಗತಿಯ ವಿಷಯ ಅರ್ಧಕ್ಕೆ ನಿಂತಿತ್ತು. ಮುಂದಿನ ಭಾನುವಾರ ಸಿಸ್ಟರ್ ಒಂದು ಒಲೆ, ಹಂಚು, ಎರಡು ಸೇರು ಜೋಳದ ಹಿಟ್ಟು ತರಿಸಿದ್ದರು. ಎಸರು ಅವರೇ ಕಾಯಿಸಿದರು. ಪ್ರಶ್ನೆ ಕೇಳಿದ ಹುಡುಗನಿಗೆ ಮೊದಲ ಉಂಡೆ. ಅವನು ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಎರಡು ತುಂಡಾಯಿತು. ಪಕ್ಕದಲ್ಲಿದ್ದ ಅವನ ತಂಗಿ ತುಂಡುಗಳನ್ನು ಕೂಡಿಸಿ, ಮೇಲೆ ಹಿಟ್ಟು ಉದುರಿಸಿ, "ಹಿಂಗ ತಿರುವಬೇಕೋ ಅಣ್ಣಾ" ಎಂದು ತೋರಿಸಿಕೊಟ್ಟಳು. ಅಂದು ಹನ್ನೊಂದು ರೊಟ್ಟಿಗಳಾದವು, ದುಂಡಗಿದ್ದವು ಎರಡು. ಎಲ್ಲರೂ ಹಂಚಿಕೊಂಡು ಶೇಂಗಾ ಚಟ್ನಿಪುಡಿಯ ಜೊತೆ ತಿಂದರು. ಉಳಿಯಲಿಲ್ಲ.